ದಂಡು ಹೋಯ್ತು, ಮಾತು ಉಳೀತು: ಕಲಬುರಗಿ ಕಡೆಯ ಸೈನ್ಯದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪದಗಳ ಹಿಂದೆ ಬೀಳೋ ಚಟ ನನಗೆ ಹಳೆಯದು. ಇದು ಗೊತ್ತಿದ್ದವರು ಮದುವೆ ಊಟದ ಪಂಕ್ತಿಯಲ್ಲಿ, ಬೀದರ್ ಬಸ್ಸಿನಲ್ಲಿ, ಕಾಗದದಲ್ಲಿ ಏನಾದರೂ ಕೇಳುತ್ತಲೇ ಇರುತ್ತಾರೆ. ಸೈನ್ಯದಿಂದ ಬಂದ ಮಾತುಗಳ ಬಗ್ಗೆಯಂತೂ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಬಿಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

“ನಾವೇನು ಮಿಲಿಟರಿ ಮಂದಿ ಅಲ್ಲ. ನಮ್ಮ ಮಾತಿನಾಗ ಸೈನ್ಯದ ಪದ ಎಲ್ಲಿ ಅದಾವ್ರಿ?”

ಇವತ್ತಿನ ಪೇಪರ್ ತೆಗೆದು ನೋಡಿ. ಮಾವು ಮಾರುಕಟ್ಟೆಗೆ ಲಗ್ಗೆ ಇಟ್ಟಿರುತ್ತದೆ. ರೈತರು ಕಚೇರಿಗೆ ಮುತ್ತಿಗೆ ಹಾಕಿರುತ್ತಾರೆ. ಲೋಕಾಯುಕ್ತರು ದಾಳಿ ಮಾಡಿರುತ್ತಾರೆ. ಪಕ್ಷ ರಣಕಹಳೆ ಊದಿರುತ್ತದೆ. ಟಿಕೆಟ್ ಸಿಕ್ಕವರು ಹುರಿಯಾಳು ಆಗಿರುತ್ತಾರೆ, ಸಿಗದವರು ಎದುರು ಪಾಳಯ ಸೇರಿರುತ್ತಾರೆ.

ಲಗ್ಗೆ ಎಂದರೆ ಕೋಟೆಗೆ ಏಣಿ ಹಾಕಿ ಹತ್ತಿ ನುಗ್ಗುವುದು. ಮುತ್ತಿಗೆ ಎಂದರೆ ಒಳಗಿದ್ದವರಿಗೆ ಅನ್ನ, ನೀರು ಸಿಗದ ಹಾಗೆ ಕೋಟೆ ಸುತ್ತ ಕೂರುವುದು. ಅದು ತಿಂಗಳುಗಟ್ಟಲೆ ನಡೆಯುತ್ತಿತ್ತು. ಈಗಿನ ಮುತ್ತಿಗೆ ಮನವಿ ಪತ್ರ ಕೊಟ್ಟು ಊಟದ ಹೊತ್ತಿಗೆ ಮುಗಿಯುತ್ತದೆ.

‘ಸಚಿವರು ಬೀಡು ಬಿಟ್ಟಿದ್ದಾರೆ’ ಅನ್ನುತ್ತೇವಲ್ಲ, ಆ ಬೀಡು ಕೂಡ ಸೈನ್ಯ ಡೇರೆ ಹಾಕಿದ ಜಾಗವೇ. ರಾಜ ಒಂದು ಕಡೆ ಕಾಯಂ ನಿಂತರೆ ಅದು ನೆಲೆವೀಡು. ಚಾಲುಕ್ಯರ ಶಾಸನಗಳಲ್ಲಿ ‘ಕಲ್ಯಾಣದ ನೆಲೆವೀಡು’ ಅಂತ ಬರುತ್ತದೆ. ಅದು ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ.

“ಬೆಂಗಳೂರು ಮಂದಿಗಿಂತ ನಮ್ಮ ಕಡಿ ಇಂಥ ಪದ ಜಾಸ್ತಿ ಯಾಕ?”

ನಮ್ಮ ಕಡೆ ದಂಡುಗಳು ಬರುವುದು, ಕೂರುವುದು ನಿಲ್ಲಲೇ ಇಲ್ಲ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ರಾಜಧಾನಿಯಾಯಿತು. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರ್‌ಗೆ ಹೋಯಿತು. ಆಮೇಲೆ ಬರೀದಶಾಹಿ, ಆದಿಲ್‌ಶಾಹಿ, ಮೊಗಲರು, ಕೊನೆಗೆ 1948ರ ತನಕ ನಿಜಾಮರು. ಫಾರ್ಸಿ, ಆಮೇಲೆ ಉರ್ದು ಆಡಳಿತದ ಭಾಷೆಯಾಗಿದ್ದವು. ಹೀಗಾಗಿ ಹಳೆಗನ್ನಡದ ಪಡೆ, ಬೀಡುಗಳ ಮೇಲೆ ಫಾರ್ಸಿ, ಅರಬ್ಬಿ, ತುರ್ಕಿಯ ಒಂದು ಪದರ ಕೂತಿತು. ಇಂಗ್ಲಿಷ್ ಬಂದದ್ದು ಅದರ ಮೇಲೆ. ಹಳೆ ಮೈಸೂರಿಗೂ ಈ ಪದಗಳು ಹೋಗಿವೆ. ಆದರೆ ಇಲ್ಲಿ ಅವು ಅಡುಗೆ ಮನೆ ತನಕ ಬಂದಿವೆ.

“ಸಿಪಾಯಿ ಅಂದ್ರ ಗಡಿ ಕಾಯಾಂವೋ, ಸಾಹೇಬರ ಬಾಗಿಲ ಕಾಯಾಂವೋ?”

ಇಬ್ಬರೂ. ಒಮ್ಮೆ ಒಂದು ದಾಖಲೆಗಾಗಿ ಒಂದು ಕಚೇರಿಯ ಹೊರಗೆ ಮೂರು ದಿನ ಬೆಂಚಿನ ಮೇಲೆ ಕೂತಿದ್ದೆ. ಮೂರನೇ ದಿನ ಪಕ್ಕದಲ್ಲಿ ಕೂತಿದ್ದ ರುಮಾಲಿನ ಮುತ್ಯಾ, “ಸಿಪಾಯಿ ಎಲ್ಲಿ ಹೋದ್ನೋ, ಅಂವನ್ನ ಕೇಳ್ರಿ” ಅಂದರು. ಒಳಗಿನಿಂದ ಗುಮಾಸ್ತರು, “ಜವಾನ ಬರ್ಲಿ, ಫೈಲ್ ತರಿಸ್ತೀನಿ” ಅಂದರು. ಕಾಲೇಜು ಹುಡುಗನೊಬ್ಬ, “ಪ್ಯೂನ್ ಎಲ್ಲಿ ಸರ್?” ಅಂದ. ಮೂವರೂ ಹುಡುಕುತ್ತಿದ್ದದ್ದು ಒಬ್ಬನನ್ನೇ. ಅವನು ಚಹಾ ಕುಡಿಯಲು ಹೋಗಿದ್ದ.

ಮಜಾ ಏನೆಂದರೆ ಆ ಮೂರೂ ಪದಗಳು ಸೈನಿಕನವೇ. ಫಾರ್ಸಿಯಲ್ಲಿ ‘ಸಿಪಾಹ್’ ಎಂದರೆ ಸೈನ್ಯ, ಅದರವನು ಸಿಪಾಯಿ. ‘ಜವಾನ್’ ಎಂದರೆ ಹರೆಯದವನು. ಸಂಸ್ಕೃತದ ಯುವಕನಿಗೆ ಅಣ್ಣತಮ್ಮ. ಹಿಂದಿಯಲ್ಲಿ ಈಗಲೂ ಜವಾನ್ ಎಂದರೆ ಯೋಧ. ಕನ್ನಡಕ್ಕೆ ಬಂದವನು ಫೈಲ್ ಹೊರಲು ನಿಂತ. ‘ಪ್ಯೂನ್’ ಪೋರ್ಚುಗೀಸರ ಮಾತು. ಕಾಲಲ್ಲಿ ನಡೆಯುವ ಸೈನಿಕ, ಅಂದರೆ ಕಾಲಾಳು. ಚೆಸ್ಸಿನ ಪಾನ್ ಅನ್ನೋದೂ ಅದೇ ಲ್ಯಾಟಿನ್ ಬೇರಿನದು. ನಮ್ಮ ಚದುರಂಗದ ‘ಪ್ಯಾದೆ’ ಕೂಡ ಫಾರ್ಸಿಯ ಕಾಲಾಳೇ.

ಯುದ್ಧ ಇಲ್ಲದಾಗ ಸೈನಿಕರನ್ನು ಏನು ಮಾಡುವುದು? ಕಚೇರಿ ಕಾಯಿಸು, ಕಂದಾಯ ವಸೂಲಿಗೆ ಕಳಿಸು, ಓಲೆ ಒಯ್ಯಿಸು. ಕೆಲಸ ಬದಲಾಯಿತು, ಹೆಸರು ಹಾಗೇ ಉಳಿಯಿತು. ಜಿಲ್ಲಾಧಿಕಾರಿಯ ಹಿಂದೆ ಪೇಟ ಸುತ್ತಿ, ಎದೆಗೆ ಪಟ್ಟಿ ಹಾಕಿ ನಿಲ್ಲುವ ದಫೇದಾರರನ್ನು ನೋಡಿದ್ದೀರಲ್ಲ. ದಫೇದಾರ ಎಂಬುದು ಕುದುರೆ ಪಡೆಯ ಹುದ್ದೆ. ಕುದುರೆ ಹೋಗಿದೆ, ಪೇಟ ಇದೆ.

“ದಂಡು ಅನ್ನೋದು ನಮ್ಮ ಕನ್ನಡದ್ದೇನಾ?”

ಮೂಲ ಸಂಸ್ಕೃತದ ‘ದಂಡ’, ಅಂದರೆ ಕೋಲು. ಆದರೆ ಅದು ಕನ್ನಡಕ್ಕೆ ಬಂದು ಎಷ್ಟು ಕಾಲವಾಯಿತೆಂದರೆ ಈಗ ಅದನ್ನು ಹೊರಗಿನದು ಅನ್ನೋದು ತಪ್ಪೇ. ಕೋಲು ಹಿಡಿದವನಿಗೆ ಬಲ, ಬಲ ಎಂದರೆ ಸೈನ್ಯ. ಅದೇ ಕೋಲಿನಿಂದ ಶಿಕ್ಷೆ, ಶಿಕ್ಷೆಯಿಂದ ಜುಲ್ಮಾನೆ, ಅಲ್ಲಿಂದ ನಷ್ಟ. ಹೀಗಾಗಿ ‘ದುಡ್ಡು ದಂಡ ಆಯ್ತು’ ಅನ್ನೋದಕ್ಕೂ ದಂಡಿಗೂ ಬೇರು ಒಂದೇ. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಕನ್ನಡ ಹೆಸರು ಈಗಲೂ ‘ಬೆಂಗಳೂರು ದಂಡು’.

ನಾನು ಈ ಪದ ಮೊದಲು ಕೇಳಿದ್ದು ಒಲೆ ಮುಂದೆ. ಜಾತ್ರೆಗೆ ಬೀಗರು ಹೇಳದೆ ಕೇಳದೆ ಟೆಂಪೋ ತುಂಬ ಬಂದಿಳಿದರು. ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. “ದಂಡು ಬಂದಂಗ ಬಂದಾರ. ಇನ್ನೆರಡು ಸೇರು ಹಿಟ್ಟು ತಗೀ” ಅಂದಳು ಅವ್ವನಿಗೆ. ಆಮೇಲೆ ಯೋಚಿಸಿದೆ, ದಂಡು ಹಾದುಹೋದ ಊರುಗಳಲ್ಲಿ ಮೊದಲು ಖಾಲಿಯಾಗುತ್ತಿದ್ದದ್ದೂ ಹಿಟ್ಟಿನ ಡಬ್ಬಿಯೇ ಅಲ್ವಾ.

“ಉರ್ದು ಅಂದ್ರನೇ ಮಿಲಿಟರಿ ಅಂತಾರಲ್ಲ, ಖರೇನಾ?”

ಹೆಸರಿನ ಮಟ್ಟಿಗೆ ಖರೆ. ತುರ್ಕಿಯಲ್ಲಿ ‘ಓರ್ದು’ ಎಂದರೆ ಸೈನ್ಯದ ಬಿಡಾರ. ಇಂಗ್ಲಿಷಿನ ಹೋರ್ಡ್ ಕೂಡ ಇದೇ. ದಿಲ್ಲಿಯ ಬಾದಶಹರ ಬಿಡಾರಕ್ಕೆ ‘ಉರ್ದು-ಎ-ಮುಅಲ್ಲಾ’ ಅನ್ನುತ್ತಿದ್ದರು. ಅಲ್ಲಿನ ಮಾತಿಗೆ ಅದೇ ಹೆಸರು ಅಂಟಿಕೊಂಡಿತು, ಅದೂ 18ನೇ ಶತಮಾನದ ಕೊನೆಗೆ. ‘ಸೈನಿಕರು ನಾಲ್ಕು ಭಾಷೆ ಕಲಸಿ ಮಾಡಿದ್ದು’ ಎಂಬ ಕತೆ ಮಾತ್ರ ನಂಬಬೇಡಿ. ಅದರ ವ್ಯಾಕರಣ ದಿಲ್ಲಿ ಸುತ್ತಲಿನ ಆಡುಮಾತಿನದು. ‘ಉರ್ದು’ ಎಂಬ ಹೆಸರು ಹುಟ್ಟುವ ಮೊದಲೇ ನಮ್ಮ ಬಹಮನಿ, ಆದಿಲ್‌ಶಾಹಿ ನೆಲದಲ್ಲಿ ಅದರ ದಕ್ಷಿಣದ ರೂಪವಾದ ದಖನಿಯಲ್ಲಿ ಕಾವ್ಯ ಬರೆಯುತ್ತಿದ್ದರು.

## ಅಡ್ಡಹೆಸರು, ಕೋಟೆ, ಮದ್ದು

“ನಮ್ಮ ಅಡ್ಡಹೆಸರು ಕಿಲ್ಲೇದಾರ. ನಮ್ಮ ಹಿರೇರು ಕ್ವಾಟಿ ಕಾಯ್ತಿದ್ರಾ?”

ಹಿರಿಯರಲ್ಲಿ ಒಬ್ಬರಾದರೂ ಆ ಹುದ್ದೆಯಲ್ಲಿ ಇದ್ದಿರಬಹುದು. ಆದರೆ ಅಡ್ಡಹೆಸರೊಂದೇ ಸಾಕ್ಷಿಯಾಗುವುದಿಲ್ಲ. ಹುದ್ದೆಗಳು ವಂಶಪಾರಂಪರ್ಯವಾಗಿದ್ದವು, ಕೆಲವೊಮ್ಮೆ ಬರೀ ಮರ್ಯಾದೆಗೆ ಕೊಟ್ಟವೂ ಇದ್ದವು.

ನಮ್ಮ ಕಡೆಯ ಹಾಜರಿ ಪುಸ್ತಕ ಒಂದು ಹಳೆಯ ಪಲಟಣಿನ ಪಟ್ಟಿಯ ಹಾಗಿರುತ್ತದೆ: ಜಮಾದಾರ, ಹವಾಲ್ದಾರ, ಸುಬೇದಾರ, ದಳವಾಯಿ, ಗೋಲಂದಾಜ. ಗೋಲಂದಾಜ ಎಂದರೆ ತೋಪಿನ ಗುಂಡು ಹಾರಿಸುವವನು. ಹವಾಲ್ದಾರ ಎಂದರೆ ಹವಾಲೆ ವಹಿಸಿಕೊಂಡವನು. ದುಡ್ಡಿನ ಹವಾಲಾ ದಂಧೆಯಲ್ಲಿರೋದೂ ಅದೇ ಪದ. ಸುಬೇದಾರ ಇಂದಿನ ಸೈನ್ಯದಲ್ಲಿ ಒಂದು ನಡುವಿನ ಹುದ್ದೆ. ನಿಜಾಮರ ಕಾಲದಲ್ಲಿ ಕಲಬುರಗಿ ಸುಭಾಕ್ಕೆಲ್ಲ ಅವನೇ ದೊಡ್ಡ ಸಾಹೇಬ.

ನನಗೆ ಇಷ್ಟದ್ದು ಶಿಲೇದಾರ. ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇರುವ ಸವಾರ. ಸರ್ಕಾರಿ ಕುದುರೆ ಹತ್ತುವವನು ಬಾರಗೀರ. ಸ್ವಂತ ಆಟೋ ಇದ್ದವನಿಗೂ ಬಾಡಿಗೆ ಆಟೋ ಓಡಿಸುವವನಿಗೂ ಸ್ಟ್ಯಾಂಡಿನಲ್ಲಿ ಇರುವ ಫರಕು ನೆನೆಸಿಕೊಳ್ಳಿ, ಅಷ್ಟೇ.

“ನಾಯಕ ಅಂದ್ರ ರಾಜನೋ, ಸಿನಿಮಾ ಹೀರೋನೋ?”

ದಾರಿ ತೋರಿಸಿ ಮುಂದೆ ನಡೆಸುವವನು. ಸುರಪುರದ ದೊರೆಗಳು ನಾಯಕರು. 1858ರಲ್ಲಿ ಅಲ್ಲಿನ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ಇಂದಿನ ಸೈನ್ಯದಲ್ಲಿ ನಾಯಕ್ ಎಂದರೆ ಹವಾಲ್ದಾರನಿಗಿಂತ ಕೆಳಗಿನವನು. ರಾಜಕೀಯದಲ್ಲಿ ಮಾತ್ರ ಎಲ್ಲರೂ ನಾಯಕರೇ.

“ಕೋಟೆ ತೋಪು, ಮಾವಿನ ತೋಪು, ಸಿನಿಮಾ ತೋಪು... ಎಲ್ಲಾ ಒಂದೇನಾ?”

ಮಾವಿನ ತೋಪು ಬೇರೆ. ಅದು ತಮಿಳಿನಲ್ಲೂ ಇರುವ ದ್ರಾವಿಡ ಪದ. ಗುಂಡು ಹಾರಿಸುವ ತೋಪು ತುರ್ಕಿಯದು. ಕಲಬುರಗಿ ಕೋಟೆಯೊಳಗಿನ ಬಾರಾ ಗಜಿ ತೋಪಿನ ಉದ್ದ 29 ಅಡಿ. ‘ಬಾರಾ ಗಜ್’ ಎಂದರೆ ಹನ್ನೆರಡು ಗಜ, ಈಗಿನ ಮೂರಡಿಯ ಗಜವಲ್ಲ. ಸ್ಕೂಲ್ ಹುಡುಗರು ಅದರ ಮೇಲೆ ಸಾಲಾಗಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಸಿಲು ಏರಿದಮೇಲೆ ಕೂತವನು ಒಂದೇ ನಿಮಿಷಕ್ಕೆ ಹಾರಿ ಇಳಿಯುತ್ತಾನೆ, ಆ ಲೋಹ ಅಷ್ಟು ಕಾದಿರುತ್ತದೆ.

ಆಡುಮಾತಿನಲ್ಲಿ ಒಂದು ತಮಾಷೆ ಇದೆ. ಕನ್ನಡದಲ್ಲಿ ‘ಸಿನಿಮಾ ತೋಪೆದ್ದು ಹೋಯ್ತು’ ಎಂದರೆ ಮಲಗಿತು ಅಂತ. ತೆಲುಗಿನಲ್ಲಿ ‘ತೋಪು’ ಎಂದರೆ ಭಾರೀ ಗಟ್ಟಿಗ. ಸೇಡಂ, ಗುರುಮಠಕಲ್ ಕಡೆ ಎರಡೂ ಭಾಷೆ ನಡೆಯುತ್ತವೆ. ಅಲ್ಲಿ ಯಾರಾದರೂ ನಿಮ್ಮನ್ನು ತೋಪು ಅಂದರೆ, ಸಿಟ್ಟಾಗುವ ಮೊದಲು ಯಾವ ಭಾಷೆಯಲ್ಲಿ ಅಂದರು ಅಂತ ನೋಡಿಕೊಳ್ಳಿ.

“ಮದ್ದು ಅಂದ್ರ ಔಷಧ. ಬಂದೂಕಿಗ್ಯಾಕ ಮದ್ದು?”

ಮದ್ದಿನ ಪುಡಿ ಮೊದಲು ಬಂದಾಗ ಜನ ಅದನ್ನು ಅರೆದು, ತೂಕ ಮಾಡಿ ಬೆರೆಸುವ ವೈದ್ಯರ ಪುಡಿಯಂತೆಯೇ ನೋಡಿದ್ದಾರೆ. ನಾವೊಬ್ಬರೇ ಅಲ್ಲ. ಚೀನಾದವರು ಅದಕ್ಕೆ ‘ಬೆಂಕಿ ಔಷಧ’ ಅನ್ನುತ್ತಾರೆ. ತಮಿಳಿನ ಮರುಂದು ಔಷಧವೂ ಹೌದು, ಸಿಡಿಮದ್ದೂ ಹೌದು. ಫಾರ್ಸಿಯಲ್ಲಿ ‘ದಾರೂ’ ಎಂದರೆ ಔಷಧ. ಮರಾಠಿಯಲ್ಲಿ ಅದು ಸಿಡಿಮದ್ದಾಯಿತು, ದಾರೂಗೋಳಾ ಅನ್ನುತ್ತಾರಲ್ಲ ಹಾಗೆ. ಜತೆಗೆ ಹೆಂಡವೂ ಆಯಿತು. ಬೀದರ್, ಭಾಲ್ಕಿ ಕಡೆ ದಾರು ಎಂದರೆ ಯಾರಿಗೂ ಔಷಧ ನೆನಪಾಗುವುದಿಲ್ಲ.

ಕನ್ನಡದ ಗುಂಡೂ ಇದೇ ದಾರಿ ಹಿಡಿದಿದೆ. ದುಂಡಗಿರೋದು ಗುಂಡು. ಅದು ತೋಪಿನ ಗುಂಡಾಯಿತು, ಬಂದೂಕಿನ ಗುಂಡಾಯಿತು. ಸಂಜೆ ಏಳರ ಮೇಲೆ ‘ಗುಂಡು ಹಾಕೋಣ’ ಆಯಿತು. ಒಟ್ಟಿನಲ್ಲಿ ಮದ್ದು, ಗುಂಡು ಎರಡೂ ಕೊನೆಗೆ ಬಾಟಲಿ ಸೇರಿದವು.

“ಕಂದಕ ಸಂಸ್ಕೃತ ಇದ್ದಂಗ ಕೇಳಸ್ತದಲ್ಲ?”

ಕೇಳಿಸುತ್ತದೆ, ಆದರೆ ಅಲ್ಲ. ಹಳೆಯ ಫಾರ್ಸಿಯಲ್ಲಿ ‘ತೋಡಿದ್ದು’ ಎಂಬ ಅರ್ಥದ ಪದ ಅರಬ್ಬಿಗೆ ಹೋಗಿ ಖಂದಕ್ ಆಗಿ, ನಮ್ಮಲ್ಲಿ ಕಂದಕವಾಯಿತು. ಬೀದರ್ ಕೋಟೆಯ ಒಂದು ಭಾಗದಲ್ಲಿ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕವಿದೆ, ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಅದನ್ನು ನೋಡಿದಮೇಲೆ ‘ಬಡವ ಬಲ್ಲಿದರ ನಡುವಿನ ಕಂದಕ’ ಎಂಬ ಮಾತು ಸುಮ್ನೆ ಬರೆಯಲು ಕೈ ಬರುವುದಿಲ್ಲ.

“ಮೊಹರಂದಾಗ ಕೂಡಸೋ ಆಲಂ ಸೈತ ಸೈನ್ಯದ್ದಾ?”

ಹೌದು. ಅರಬ್ಬಿಯಲ್ಲಿ ‘ಅಲಮ್’ ಎಂದರೆ ಧ್ವಜ, ದಂಡಿನ ಮುಂದೆ ಹಿಡಿಯುವ ನಿಶಾನಿ. 680ರ ಕರ್ಬಲಾ ಕಾಳಗದಲ್ಲಿ ಹುಸೇನರ ಕಡೆಯವರು ಹಿಡಿದ ಧ್ವಜದ ನೆನಪು ಅದು. ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಅದಕ್ಕೆ ಸಕ್ಕರೆ ಓದಿಸುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಯುದ್ಧದ ಧ್ವಜ ಊರಿನ ದೇವರಾಗಿದೆ.

## ಕೋರ್ಟು, ಕಚೇರಿ, ಬೀದಿ

“ಕೋರ್ಟಿನಾಗ ಫೌಜದಾರಿ ಕೇಸು ಅಂತಾರಲ್ಲ, ಅಲ್ಲಿ ಫೌಜು ಎಲ್ಲಿಂದ ಬಂತು?”

ಮೊಗಲರ ಕಾಲದ ಫೌಜದಾರ ಒಂದು ಪ್ರದೇಶದಲ್ಲಿ ಪಡೆ ಇಟ್ಟುಕೊಂಡು ಕಳ್ಳಕಾಕರನ್ನು, ದಂಗೆಕೋರರನ್ನು ಹತೋಟಿಯಲ್ಲಿ ಇಡುತ್ತಿದ್ದ. ಕಂದಾಯ, ಹಣಕಾಸು ದಿವಾನರ ಕಡೆ. ಹೀಗಾಗಿ ಆಸ್ತಿ ಜಗಳ ದಿವಾನಿ, ಹೊಡೆದಾಟ ಫೌಜದಾರಿ. ಮರಾಠಿ ಸೀಮೆಯಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್‌ಗೆ ಈಗಲೂ ಫೌಜದಾರ ಅನ್ನುತ್ತಾರೆ.

“ಕಾಯ್ದೆಗೂ ಕವಾಯತಿಗೂ ಸಂಬಂಧ ಅದ ಅಂತಾರ, ನಂಬೋದ್ಹ್ಯಾಂಗ?”

ನಂಬಿ. ಅರಬ್ಬಿಯಲ್ಲಿ ‘ಕಾಯಿದಾ’ ಎಂದರೆ ನಿಯಮ. ಅದರ ಬಹುವಚನ ‘ಕವಾಯಿದ್’. ನಿಯಮಗಳ ಪ್ರಕಾರ ಕಾಲು ಎತ್ತಿ ಇಡುವುದು ಕವಾಯತು. ಒಂದು ನಿಯಮ ವಿಧಾನಸಭೆಗೆ ಹೋಯಿತು, ಉಳಿದವು ಶಾಲೆಯ ಮೈದಾನಕ್ಕೆ ಬಂದವು.

“ಮೋರ್ಚಾ, ಜಾಥಾ, ಘೇರಾವ್: ಇವೂ ಯುದ್ಧದ್ದಾ?”

ಮೋರ್ಚಾ ಯುದ್ಧದ್ದೇ. ಮೊದಲು ಸೈನಿಕರು ಮಣ್ಣು ಒಟ್ಟಿ ಅಡಗಿ ಕೂರುವ ಜಾಗ. ಮರಾಠಿ, ಹಿಂದಿ ಮೂಲಕ ಮೆರವಣಿಗೆಯಾಯಿತು. ಆಮೇಲೆ ಪಕ್ಷಗಳ ಮಹಿಳಾ ಮೋರ್ಚಾ, ಯುವ ಮೋರ್ಚಾ. ಅಡಗುವ ಜಾಗದ ಹೆಸರು ಮೈಕ್ ಹಿಡಿದು ಕೂಗುವ ಕೆಲಸಕ್ಕೆ ಬಂದದ್ದು ವಿಚಿತ್ರ.

ಜಾಥಾ ಪಂಜಾಬಿನದು. 18ನೇ ಶತಮಾನದಲ್ಲಿ ಸಿಖ್ಖರ ಆಯುಧಧಾರಿ ಗುಂಪುಗಳಿಗೆ ಆ ಹೆಸರಿತ್ತು. ಈಗ ನಮ್ಮಲ್ಲಿ ಜಾಥಾ ಎಂದರೆ ಡೆಂಗಿ ಜಾಗೃತಿಗೆ ಮಕ್ಕಳು ಫಲಕ ಹಿಡಿದು ನಡೆಯುವುದು. ಬೀದರ್‌ಗೆ ಸಿಖ್ಖರ ನಂಟು ಹಳೆಯದು. ಅಲ್ಲಿ ನಾನಕ್ ಝೀರಾ ಗುರುದ್ವಾರ ಇದೆ, ಗುರು ಗೋವಿಂದ ಸಿಂಗರ ಮೊದಲ ಐವರು ಖಾಲ್ಸಾ ಶಿಷ್ಯರಾದ ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅಂತ ಸಿಖ್ಖರ ನಂಬಿಕೆ. ಆದರೆ ಈ ಪದ ನಮಗೆ ಬಂದದ್ದು ಚಳವಳಿಗಳ ಮೂಲಕ. ಘೇರಾವ್ ಎಂದರೆ ಸುತ್ತುಗಟ್ಟುವುದು. 1960ರ ದಶಕದ ಬಂಗಾಳದ ಕಾರ್ಮಿಕರು ಅದಕ್ಕೆ ಹೆಸರು ತಂದರು.

“ಬಂದೋಬಸ್ತ್?”

ಸೈನ್ಯದ್ದಲ್ಲ. ಫಾರ್ಸಿಯಲ್ಲಿ ‘ಕಟ್ಟುವುದು, ಬಿಗಿಯುವುದು’. ಮೊದಲು ವ್ಯವಸ್ಥೆ, ಆಮೇಲೆ ಜಮೀನಿನ ಕಂದಾಯ ನಿಗದಿ, ಈಗ ಗಣೇಶ ವಿಸರ್ಜನೆಯ ದಿನದ ಪೊಲೀಸ್ ವ್ಯಾನು.

## ಸ್ವಲ್ಪ ಕಷ್ಟದವು

“ರಜಾಕಾರ ಅಂದ್ರ ಬೈಗುಳಾನಾ? ಮತ್ತ ಮಿಲಿಟರಿ ಬಂದದ್ದಕ್ಕ ಪೊಲೀಸ್ ಆ್ಯಕ್ಷನ್ ಅಂತ ಯಾಕಂತಾರ?”

ಪದದ ಅರ್ಥ ಸ್ವಯಂಸೇವಕ, ಅಷ್ಟೇ. ಆದರೆ 1947-48ರಲ್ಲಿ ನಿಜಾಮರ ಪರವಾಗಿ ಆಯುಧ ಹಿಡಿದ, ಖಾಸಿಂ ರಜ್ವಿಯ ಕೈಕೆಳಗಿನ ರಜಾಕಾರರು ನಮ್ಮ ಹಳ್ಳಿಗಳಲ್ಲಿ ನಡೆಸಿದ್ದನ್ನು ಕಂಡವರಿಗೆ ಆ ಅರ್ಥ ಸತ್ತುಹೋಯಿತು. ‘ರಜಾಕಾರರ ಹಾವಳಿ’ ಎಂಬ ಜೋಡಿಪದವೇ ಉಳಿಯಿತು. ಬಾಂಗ್ಲಾದೇಶದಲ್ಲಿ 1971ರ ನಂತರ ಅದೇ ಪದ ದೇಶದ್ರೋಹಿಗೆ ಬಂತು. ಬೇರೆ ಯುದ್ಧ, ಬೇರೆ ಮಂದಿ, ಪದದ ಗತಿ ಮಾತ್ರ ಒಂದೇ.

1948ರ ಸೆಪ್ಟೆಂಬರ್ 13ರಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಬಂದದ್ದು ಭಾರತದ ಸೈನ್ಯವೇ. ಮೇಜರ್ ಜನರಲ್ ಜೆ.ಎನ್. ಚೌಧರಿ ಮುಂದಿದ್ದರು. ಸೈನ್ಯದವರು ಇಟ್ಟ ಹೆಸರು ಆಪರೇಷನ್ ಪೋಲೋ. 17ಕ್ಕೆ ನಿಜಾಮರು ಯುದ್ಧ ನಿಲ್ಲಿಸಿದರು. ಹೈದರಾಬಾದಿನ ದೂರು ಆಗಲೇ ವಿಶ್ವಸಂಸ್ಥೆಗೆ ಹೋಗಿತ್ತು. ಯುದ್ಧ ಅಂದರೆ ಎರಡು ದೇಶಗಳ ಜಗಳ, ಪೊಲೀಸ್ ಅಂದರೆ ಮನೆಯೊಳಗಿನ ಮಾತು. ಹೆಸರಿನಲ್ಲೇ ಒಂದು ವಾದ ಇತ್ತು.

ಆ ದಿನಗಳಲ್ಲಿ, ಅದರ ಬೆನ್ನಿಗೆ ಮುಸ್ಲಿಮರ ಮೇಲೂ ಘೋರ ಹಿಂಸೆ ನಡೆಯಿತು. ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ಬರೆದಿಟ್ಟಿದೆ, ನಮ್ಮ ಜಿಲ್ಲೆಗಳ ಹೆಸರೂ ಅದರಲ್ಲಿವೆ. ಆದ್ದರಿಂದ ‘ಪೊಲೀಸ್ ಆ್ಯಕ್ಷನ್’ ಎಂಬ ಒಂದೇ ಮಾತು ಒಂದು ಓಣಿಯಲ್ಲಿ ಬಿಡುಗಡೆ, ಇನ್ನೊಂದು ಓಣಿಯಲ್ಲಿ ಭಯ. ಹಿರಿಯರ ಹತ್ತಿರ ಈ ಪದ ಎತ್ತುವಾಗ ನಾನು ಸ್ವಲ್ಪ ನಿಧಾನಿಸುತ್ತೇನೆ.

“ಇಂಗ್ಲಿಷಿನಿಂದ ಬಂದವು ಯಾವ್ಯಾವು ಅದಾವ?”

ಆಫೀಸಿನ ಡೆಡ್‌ಲೈನ್ ಅಮೆರಿಕದ ಅಂತರ್ಯುದ್ಧದ ಜೈಲಿನದು. 1864ರಲ್ಲಿ ಆ್ಯಂಡರ್ಸನ್‌ವಿಲ್‌ನಲ್ಲಿ ಬೇಲಿಯೊಳಗೆ ಒಂದು ಗೆರೆ ಇತ್ತು. ದಾಟಿದ ಕೈದಿಗೆ ಗುಂಡು. ಸೇಲ್ಸ್ ಹುಡುಗರ ತಲೆ ತಿನ್ನುವ ಟಾರ್ಗೆಟ್ ಮೂಲದಲ್ಲಿ ಒಂದು ಚಿಕ್ಕ ಗುರಾಣಿ. ಬ್ಲಾಕ್‌ಬಸ್ಟರ್ ಎರಡನೇ ಮಹಾಯುದ್ಧದಲ್ಲಿ ಇಡೀ ಓಣಿ ಕೆಡವುವ ಬಾಂಬು. ಸ್ಲೋಗನ್ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಸೈನ್ಯದ ಕೂಗು. ಖಾಕಿ ಮಾತ್ರ ನಮ್ಮ ಕಡೆಯಿಂದ ಹೋದದ್ದು. ಫಾರ್ಸಿಯಲ್ಲಿ ‘ಖಾಕ್’ ಎಂದರೆ ಧೂಳು. 1840ರ ದಶಕದಲ್ಲಿ ಪೇಶಾವರದಲ್ಲಿದ್ದ ಬ್ರಿಟಿಷರ ಗೈಡ್ಸ್ ಪಡೆ ಆ ಬಣ್ಣದ ಬಟ್ಟೆ ಹಾಕಿತು.

“ಉಲ್ಟಾ ಹೋದದ್ದು ಅದನಾ? ಮನ್ಯಾಗಿನ ಪದ ಸೈನ್ಯಕ್ಕ?”

ಟ್ಯಾಂಕು. ಪಶ್ಚಿಮ ಭಾರತದ ಟಾಂಕಿ, ಟಾಂಕೆ ಎಂಬ ನೀರಿನ ತೊಟ್ಟಿಯ ಹೆಸರು ಇಂಗ್ಲಿಷ್‌ಗೆ ಹೋಯಿತು, ಪೋರ್ಚುಗೀಸರ ಪದವೂ ಅದರ ಜತೆ ಬೆರೆಯಿತು. 1915ರಲ್ಲಿ ಬ್ರಿಟಿಷರು ಗುಟ್ಟಾಗಿ ಉಕ್ಕಿನ ಗಾಡಿ ಮಾಡುವಾಗ, ಯಾರಿಗೂ ಗೊತ್ತಾಗದಿರಲಿ ಅಂತ ‘ನೀರಿನ ಟ್ಯಾಂಕು’ ಎಂದು ಹೇಳಿದರು. 1916ರ ಸೆಪ್ಟೆಂಬರ್ 15ಕ್ಕೆ ಅದು ಮೊದಲ ಮಹಾಯುದ್ಧದ ಸೋಮ್ ಕಾಳಗಕ್ಕೆ ಇಳಿಯಿತು. ಗುಟ್ಟು ಬಯಲಾಯಿತು, ಹೆಸರು ಬದಲಾಗಲಿಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಗೆ ಟ್ಯಾಂಕರ್ ಬಂದಾಗ ಕೊಡ ಹಿಡಿದು ನಡೆಯುವ ಕಾಳಗವೂ ಕಡಿಮೆಯದೇನಲ್ಲ.

“ಎಲ್ಲಾದಕ್ಕೂ ಯುದ್ಧದ ಮಾತು ಬಳಸೋದು ಸರಿನಾ?”

ಮಾವು ಲಗ್ಗೆ ಇಟ್ಟರೆ ಯಾರಿಗೂ ನೋವಿಲ್ಲ. ರೋಗದ ಮಾತು ಬೇರೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲೇ. ಆಮೇಲೆ ‘ಕೊರೊನಾ ಯೋಧರು’, ‘ವಾರ್ ರೂಮ್’ ಬಂದವು. ಆಶಾ ಕಾರ್ಯಕರ್ತೆಯನ್ನು ಯೋಧೆ ಅಂದದ್ದು ಗೌರವಕ್ಕೇ. ಆದರೆ ಯೋಧರು ಸಂಬಳ, ಮಾಸ್ಕು ಕೇಳಿದರೆ ಕೇಳುವವರಿಗೆ ಮುಜುಗರ. ಕೆಲಸಗಾರರು ಕೇಳಿದರೆ ಹಕ್ಕು. ಜತೆಗೆ, ಯುದ್ಧ ಅಂದಮೇಲೆ ಶತ್ರು ಬೇಕಲ್ಲ. ರೋಗಾಣು ಕಣ್ಣಿಗೆ ಕಾಣದು, ರೋಗಿ ಕಾಣುತ್ತಾನೆ. ಆಗ ಎಷ್ಟು ಮನೆಗಳ ಮುಂದೆ ಜನ ಮುಖ ತಿರುಗಿಸಿದರು ಅಂತ ನಾವೇ ನೋಡಿದ್ದೇವೆ.

“ಪದದ ಮೂಲ ಖರೇ ಅಂತ ಗೊತ್ತು ಮಾಡ್ಕೊಳ್ಳೋದ್ಹ್ಯಾಂಗ? ನಮ್ಮ ಮುತ್ಯಾ ‘ಹುಕುಂದಾರ್’ ಅಂತ ಒದರ್ತಿದ್ದ, ಅದೇನು?”

ಹಳೆಯ ಬಳಕೆ ಎಲ್ಲಿದೆ ಅಂತ ಹುಡುಕಿ. 1894ರ ಕಿಟ್ಟೆಲ್ ನಿಘಂಟು ಮೊದಲು ತೆರೆಯಿರಿ. ಹೊರಗಿನಿಂದ ಬಂದ ಪದ ಅನ್ನಿಸಿದ ಕಡೆ ಅವರು ಗುರುತು ಹಾಕಿದ್ದಾರೆ. ಕಿವಿಯನ್ನು ಮಾತ್ರ ನಂಬಬೇಡಿ, ಮಾವಿನ ತೋಪಿನಲ್ಲಿ ಫಿರಂಗಿ ಹುಡುಕಿದ ಹಾಗಾಗುತ್ತದೆ.

ನಿಮ್ಮ ಮುತ್ಯಾರ ಮಾತು ಇದಕ್ಕೆ ಸರಿಯಾದ ಉದಾಹರಣೆ. ‘ಹುಕುಂದಾರ್’ ಕೇಳಿದರೆ ಹುಕುಮ್, ದಾರ್ ಎರಡೂ ಸೇರಿದ ಅಪ್ಪಟ ಫಾರ್ಸಿ ಅನ್ನಿಸುತ್ತದೆ. ಹುಕುಮ್ ಕೊಡುವ ಯಾರೋ ದೊಡ್ಡ ಸಾಹೇಬನ ಹೆಸರಿನ ಹಾಗೆ. ಅದು ಅಪ್ಪಟ ಇಂಗ್ಲಿಷ್. ರಾತ್ರಿ ಪಾಳಿಯ ಕಾವಲುಗಾರ ಕತ್ತಲಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಬಂದೂಕು ಎತ್ತಿ ಕೂಗಬೇಕಿತ್ತು: ‘ಹೂ ಕಮ್ಸ್ ದೇರ್?’ ನಮ್ಮ ಸಿಪಾಯಿಗಳ ಬಾಯಲ್ಲಿ ಅದು ಹುಕುಂದಾರ್ ಆಯಿತು. ಮುತ್ಯಾ ಎಲ್ಲಿಯೋ ಕಾವಲು ಕೆಲಸದಲ್ಲಿ ಇದ್ದಿರಬೇಕು, ಇಲ್ಲವೇ ಇದ್ದವರ ಜತೆ ಬೆಳೆದಿರಬೇಕು. ಅದಕ್ಕೆ ಬರಬೇಕಾದ ಉತ್ತರ ‘ಫ್ರೆಂಡ್’ ಅಂತ. ನೀವು ಹುಡುಗರಾಗಿದ್ದಾಗ ಏನು ಅಂತಿದ್ದಿರಿ, ಅದನ್ನು ಬರೆದು ಕಳಿಸಿ.